ಅಂಕ ಕೊಟ್ಟರೆ ಸಾಲದು, ಎಲ್ಲಿ ಹೋಯಿತೆಂದೂ ಹೇಳಿ

ದಸರಾ ನಾಡಕುಸ್ತಿಯಲ್ಲಿ ಸೋತವನಿಗೂ ತಾನು ಏಕೆ ಸೋತೆ ಎಂಬುದು ಗೊತ್ತಿರುತ್ತದೆ. ಬೆನ್ನು ಮಣ್ಣಿಗೆ ತಾಗಿದರೆ ಚಿತ್. ದೊಡ್ಡಕೆರೆ ಮೈದಾನದ ಕ್ರೀಡಾಂಗಣದಲ್ಲಿ ಕೊನೆಯ ಸಾಲಿಗೆ ಕುಳಿತು ಕಡಲೆಕಾಯಿ ಬಿಡಿಸುವವರಿಗೂ ಅದು ಕಾಣುತ್ತದೆ. ನೂರು ಮೀಟರ್ ಓಟಕ್ಕೆ ಗಡಿಯಾರವಿದೆ, ಎತ್ತರ ಜಿಗಿತಕ್ಕೆ ಅಡ್ಡಪಟ್ಟಿಯಿದೆ. ಈಗ ಯಾವುದಾದರೂ ಯೋಗಾಸನ ಸ್ಪರ್ಧೆಗೆ ಬನ್ನಿ. ಇಬ್ಬರು ಹುಡುಗಿಯರು ಒಬ್ಬರ ನಂತರ ಒಬ್ಬರು ವೃಶ್ಚಿಕಾಸನ ಮಾಡುತ್ತಾರೆ. ಇಬ್ಬರೂ ಅಲುಗಾಡಲಿಲ್ಲ, ಇಬ್ಬರ ಪಾದವೂ ತಲೆಗೆ ತಾಗಿತು. ಒಬ್ಬಳಿಗೆ 8.5, ಇನ್ನೊಬ್ಬಳಿಗೆ 8. ಆ ಅರ್ಧ ಅಂಕ ಎಲ್ಲಿ ಹೋಯಿತು ಎಂಬುದು ಪ್ರೇಕ್ಷಕರಿಗಿರಲಿ, ಆಸನ ಮಾಡಿದವಳಿಗೂ ಗೊತ್ತಾಗುವುದಿಲ್ಲ.

ಮೈಸೂರಿನವರಾದ ನಾವು ಈ ವಿಷಯದಲ್ಲಿ ಸುಮ್ಮನಿರುವಂತಿಲ್ಲ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಟಿ. ಕೃಷ್ಣಮಾಚಾರ್ಯರು ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ತೆರೆದ ಊರು ಇದು. ಬಿ.ಕೆ.ಎಸ್. ಅಯ್ಯಂಗಾರ್, ಪಟ್ಟಾಭಿ ಜೋಯಿಸ್ ಕಲಿತದ್ದು ಇಲ್ಲಿ. ಗೋಕುಲಂನ ಬೀದಿಗಳಲ್ಲಿ ಚಾಪೆ ಹೆಗಲಿಗೇರಿಸಿಕೊಂಡು ಓಡಾಡುವ ವಿದೇಶಿಯರನ್ನು ನಾವ್ಯಾರೂ ತಿರುಗಿ ನೋಡುವುದೂ ಇಲ್ಲ. ಆದರೆ ಯೋಗಾಸನಕ್ಕೆ ಸ್ಪರ್ಧಾತ್ಮಕ ಕ್ರೀಡೆಯೆಂಬ ಅಧಿಕೃತ ಮಾನ್ಯತೆ ಕೇಂದ್ರ ಸರ್ಕಾರದಿಂದ ಸಿಕ್ಕಿದ್ದು ತೀರಾ ಇತ್ತೀಚೆಗೆ, 2020ರ ಡಿಸೆಂಬರ್‌ನಲ್ಲಿ. 2022ರಲ್ಲಿ ಪಂಚಕುಲದ ಖೇಲೋ ಇಂಡಿಯಾ ಯೂತ್ ಗೇಮ್ಸ್‌ಗೆ, ಅದೇ ವರ್ಷ ಗುಜರಾತಿನ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಅದು ಸೇರಿತು. 2024ರ ಸೆಪ್ಟೆಂಬರ್‌ನಲ್ಲಿ ದೆಹಲಿಯಲ್ಲಿ ಸೇರಿದ್ದ ಏಷ್ಯಾ ಒಲಿಂಪಿಕ್ ಮಂಡಳಿಯ ಸಭೆ, 2026ರ ಏಷ್ಯನ್ ಗೇಮ್ಸ್‌ನಲ್ಲಿ ಯೋಗಕ್ಕೆ ಪ್ರದರ್ಶನ ಕ್ರೀಡೆಯ ಸ್ಥಾನ ಕೊಡಲು ಒಪ್ಪಿತು. ಯೋಗ ಸ್ಪರ್ಧೆಯ ವಸ್ತುವೇ ಅಲ್ಲ ಎನ್ನುವ ಹಿರಿಯರಿದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. ಆದರೆ ಪದಕ ಕೊಡಲು ಶುರು ಮಾಡಿದ ಮೇಲೆ, ಆ ಪದಕ ಕ್ರೀಡಾ ಕೋಟಾದ ಅರ್ಜಿಗೂ ರಾಜ್ಯ ತಂಡದ ಆಯ್ಕೆಗೂ ಲೆಕ್ಕಕ್ಕೆ ಬರುತ್ತದೆ ಎಂದ ಮೇಲೆ, ಅಂಕ ಹೇಗೆ ಬಂತು ಎಂದು ಕೇಳದೆ ಬೇರೆ ದಾರಿಯಿಲ್ಲ.

ಈ ತಲೆನೋವನ್ನು ನಮಗಿಂತ ಮೊದಲೇ ಅನುಭವಿಸಿದ ಆಟವೊಂದಿದೆ: ಫಿಗರ್ ಸ್ಕೇಟಿಂಗ್. ಮಂಜುಗಡ್ಡೆಯ ಅಂಗಳದಲ್ಲಿ ಸಂಗೀತಕ್ಕೆ ತಕ್ಕಂತೆ ಜಾರುತ್ತಾ, ಗಾಳಿಯಲ್ಲಿ ಮೂರ್ನಾಲ್ಕು ಸುತ್ತು ತಿರುಗಿ ಒಂದೇ ಕಾಲಿನ ಮೇಲೆ ಇಳಿಯುವ ಆಟ. ಮೈಸೂರಿನ ಬಿಸಿಲಿನಲ್ಲಿ ನಮಗದು ಮೊಬೈಲ್‌ನಲ್ಲಿ ಮಾತ್ರ ದಕ್ಕುತ್ತದೆ, ಇರಲಿ. ಹಿಂದೆ ಅಲ್ಲಿ 6.0 ಎಂದರೆ ಪೂರ್ಣ ಅಂಕ. ಪ್ರತಿ ತೀರ್ಪುಗಾರ ಎರಡೇ ಅಂಕ ಕೊಡುತ್ತಿದ್ದ, ಒಂದು ತಾಂತ್ರಿಕತೆಗೆ, ಇನ್ನೊಂದು ಪ್ರಸ್ತುತಿಗೆ. ಹೆಚ್ಚುಕಡಿಮೆ ನಮ್ಮ ಕಾಲೇಜು ಫೆಸ್ಟ್‌ನ ಡ್ಯಾನ್ಸ್ ಸ್ಪರ್ಧೆಯಂತೆಯೇ. 2002ರ ಸಾಲ್ಟ್ ಲೇಕ್ ಸಿಟಿ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಜೋಡಿ ವಿಭಾಗದ ಚಿನ್ನ 5–4 ಮತಗಳಿಂದ ರಷ್ಯಾದ ಜೋಡಿಗೆ ಹೋಯಿತು. ತನ್ನ ಮೇಲೆ ಒತ್ತಡವಿತ್ತು ಎಂದು ಫ್ರಾನ್ಸಿನ ತೀರ್ಪುಗಾರ್ತಿ ಹೇಳಿ, ಆಮೇಲೆ ಮಾತು ಬದಲಿಸಿದರು. ದೊಡ್ಡ ಗಲಾಟೆಯಾಗಿ ಕೆನಡಾದ ಜೋಡಿಗೂ ಚಿನ್ನ ಕೊಡಬೇಕಾಯಿತು. 2004ರಲ್ಲಿ ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟ ಹಳೆಯ ಪದ್ಧತಿಯನ್ನೇ ಕೈಬಿಟ್ಟು ಹೊಸದನ್ನು ಒಪ್ಪಿಕೊಂಡಿತು.

ಹೊಸ ಪದ್ಧತಿಯ ಒಳಗುಟ್ಟು ಇಷ್ಟೇ: 'ಏನು ಮಾಡಿದರು' ಎಂಬ ಪ್ರಶ್ನೆಯನ್ನೂ 'ಎಷ್ಟು ಚೆನ್ನಾಗಿ ಮಾಡಿದರು' ಎಂಬ ಪ್ರಶ್ನೆಯನ್ನೂ ಬೇರೆ ಬೇರೆ ಜನರಿಗೆ ಕೊಟ್ಟರು. ಮೂವರು ತಾಂತ್ರಿಕ ಅಧಿಕಾರಿಗಳು ವಿಡಿಯೊ ಹಿಂದೆ ಮುಂದೆ ಓಡಿಸಿ, ಇದು ಯಾವ ಜಿಗಿತ, ಎಷ್ಟು ಸುತ್ತು, ಸರಿಯಾದ ಅಂಚಿನಿಂದ ಹೊರಟಿತೇ ಎಂದು ತೀರ್ಮಾನಿಸುತ್ತಾರೆ. ಪ್ರತಿ ಜಿಗಿತಕ್ಕೂ ಮೊದಲೇ ನಿಗದಿಯಾದ ಮೂಲ ಬೆಲೆಯಿದೆ. ಉದಾಹರಣೆಗೆ ಮೂರು ಸುತ್ತಿನ ಲುಟ್ಜ್ ಜಿಗಿತಕ್ಕೆ 5.90. ತೀರ್ಪುಗಾರರು ಅದರ ಗುಣಮಟ್ಟ ನೋಡಿ ಮೈನಸ್ 5ರಿಂದ ಪ್ಲಸ್ 5ರವರೆಗೆ ದರ್ಜೆ ಕೊಡುತ್ತಾರೆ. ಅತಿ ಹೆಚ್ಚಿನ ಒಂದು, ಅತಿ ಕಡಿಮೆಯ ಒಂದು ದರ್ಜೆಯನ್ನು ತೆಗೆದುಹಾಕಿ ಉಳಿದವುಗಳ ಸರಾಸರಿ ಹಿಡಿಯುತ್ತಾರೆ. ಸ್ಪರ್ಧೆ ಮುಗಿದ ಮೇಲೆ ಪ್ರತಿ ಜಿಗಿತಕ್ಕೆ ಪ್ರತಿ ತೀರ್ಪುಗಾರ ಕೊಟ್ಟ ದರ್ಜೆಯ ಪಟ್ಟಿ ಬಹಿರಂಗವಾಗಿ ಸಿಗುತ್ತದೆ.

ಅಷ್ಟಕ್ಕೇ ಜಗಳ ಮುಗಿಯಿತೇ ಎಂದರೆ ಇಲ್ಲ. ಸುತ್ತು ಕಾಲು ಭಾಗಕ್ಕಿಂತ ಹೆಚ್ಚು ಕಡಿಮೆಬಿದ್ದು, ಅರ್ಧಕ್ಕಿಂತ ಒಳಗಿದ್ದರೆ ಮೂಲ ಬೆಲೆಯ ಶೇ 80 ಮಾತ್ರ ಸಿಗುತ್ತದೆ. ಅಂದರೆ 5.90 ಇದ್ದದ್ದು 4.72 ಆಗುತ್ತದೆ, ಮೇಲೆ ದರ್ಜೆಯಲ್ಲೂ ಕಡಿತ. ಒಂದು ಸೆಕೆಂಡೂ ಹಿಡಿಯದ ಜಿಗಿತದಲ್ಲಿ ಪಾದ 90 ಡಿಗ್ರಿಯಷ್ಟು ಹಿಂದೆ ಉಳಿಯಿತೋ 95 ಡಿಗ್ರಿಯೋ ಎಂದು ಹೇಳಬೇಕು. ಕ್ಯಾಮೆರಾದ ಹತ್ತಿರ ಇಳಿದವರ ಪಾದ ಒಂದು ರೀತಿ ಕಾಣುತ್ತದೆ, ಅಂಗಳದ ಆ ತುದಿಯಲ್ಲಿ ಇಳಿದವರದ್ದು ಇನ್ನೊಂದು ರೀತಿ. ಅದೇ ಕಾಲು, ಅದೇ ತಪ್ಪು, ಬೇರೆ ಕೋನ. ಒಬ್ಬರದ್ದು ಸಿಕ್ಕಿಬೀಳುತ್ತದೆ, ಇನ್ನೊಬ್ಬರದ್ದು ದಾಟಿಹೋಗುತ್ತದೆ.

ನನಗೆ ಇದಕ್ಕಿಂತ ಕುತೂಹಲ ಹುಟ್ಟಿಸಿದ್ದು ಬೇರೆ ಸಂಗತಿ. 2002ರ ಹಗರಣದ ನಂತರ, ತೀರ್ಪುಗಾರರ ಮೇಲೆ ಅವರವರ ದೇಶದ ಒತ್ತಡ ಬೀಳಬಾರದೆಂದು ಯಾರು ಯಾವ ಅಂಕ ಕೊಟ್ಟರು ಎಂಬುದನ್ನು ಮುಚ್ಚಿಡುವ ಕ್ರಮ ತಂದರು. ಉದ್ದೇಶ ಒಳ್ಳೆಯದೇ. ಪರಿಣಾಮ ಮಾತ್ರ ತಿರುಗುಮುರುಗು. ಒತ್ತಡ ಹಾಕುವವನಿಗೆ ಏನೂ ತೊಂದರೆಯಾಗಲಿಲ್ಲ. ತಮ್ಮ ದೇಶದವರಿಗೆ ಧಾರಾಳವಾಗಿ ಕೊಡುವವರನ್ನು ಹೊರಗಿನವರು ಗುರುತಿಸುವುದು ಕಷ್ಟವಾಯಿತು. ಕೊನೆಗೆ 2016ರಲ್ಲಿ ಒಕ್ಕೂಟವೇ ಮತ ಹಾಕಿ ಆ ಮುಸುಕು ತೆಗೆಯಿತು. ಹೆಸರು ಮುಚ್ಚಿಟ್ಟರೆ ನ್ಯಾಯ ಸಿಗುತ್ತದೆ ಎಂದು ನಂಬಿ, ಹತ್ತು ವರ್ಷಕ್ಕೂ ಹೆಚ್ಚು ಕಾಲ ನೋಡಿ, ವಾಪಸ್ ಬಂದರು. ಆ ಹತ್ತು ವರ್ಷಗಳ ಪಾಠ ನಮಗೆ ಪುಕ್ಕಟೆ ಸಿಕ್ಕಿದೆ.

ಎಂಜಿನಿಯರಿಂಗ್ ವಿದ್ಯಾರ್ಥಿಯ ಚಟ, ಸ್ವಲ್ಪ ಲ್ಯಾಬ್ ಭಾಷೆ ಸಹಿಸಿಕೊಳ್ಳಿ. ಮಾಪನ ಲ್ಯಾಬ್‌ನಲ್ಲಿ ನಮಗೆ ಮೊದಲು ಕಲಿಸುವುದು ಎರಡು ವಿಷಯ. ಅದೇ ತುಂಡನ್ನು ಅದೇ ವ್ಯಕ್ತಿ ಮತ್ತೆ ಅಳೆದರೆ ಅದೇ ಅಳತೆ ಬರಬೇಕು. ಬೇರೆಯವನು ಅಳೆದರೂ ಅದೇ ಬರಬೇಕು. ಎರಡೂ ಆಗದಿದ್ದರೆ ತಪ್ಪು ತುಂಡಿನದ್ದಲ್ಲ, ಅಳತೆಯದ್ದು. ಇನ್ನೊಂದು ಮಾತು ಲೀಸ್ಟ್ ಕೌಂಟ್. ನಮ್ಮ ವರ್ನಿಯರ್ ಕ್ಯಾಲಿಪರ್ 0.02 ಮಿಲಿಮೀಟರ್‌ವರೆಗೆ ಅಳೆಯುತ್ತದೆ. ಅದರಲ್ಲಿ ಅಳೆದು ರೆಕಾರ್ಡ್ ಪುಸ್ತಕದಲ್ಲಿ 12.347 ಎಂದು ಬರೆದರೆ ಲೆಕ್ಚರರ್ ಕೆಂಪು ಗೆರೆ ಎಳೆಯುತ್ತಾರೆ. ಉಪಕರಣಕ್ಕೆ ಕಾಣದ್ದು ನಿನಗೆ ಹೇಗೆ ಕಂಡಿತು ಎಂದು ಕೇಳುತ್ತಾರೆ.

ಇದನ್ನೇ ಸ್ಪರ್ಧೆಯ ತೀರ್ಪಿಗೆ ಹಿಡಿದು ನೋಡಿ. ಒಂದೇ ಆಸನಕ್ಕೆ ಒಬ್ಬ ತೀರ್ಪುಗಾರರು 7.5, ಪಕ್ಕದವರು 8.5 ಕೊಡುತ್ತಾರೆ. ಐವರ ಸರಾಸರಿ ತೆಗೆದು, 41.65 ಬಂದವಳಿಗೆ ಬೆಳ್ಳಿ, 41.60 ಬಂದವಳಿಗೆ ಕಂಚು ಎಂದು ಘೋಷಿಸುತ್ತಾರೆ. ಮನುಷ್ಯರ ಕಣ್ಣುಗಳ ನಡುವೆ ಒಂದು ಅಂಕದ ವ್ಯತ್ಯಾಸವಿರುವಾಗ 0.05 ಎಂಬುದು ಅಳತೆಯಲ್ಲ, ಲಾಟರಿ. ದಶಮಾಂಶ ಹೆಚ್ಚಿದಷ್ಟೂ ನಮಗೆ ವಿಜ್ಞಾನದಂತೆ ಕಾಣುತ್ತದೆ, ಅಷ್ಟೇ. ಹೆಚ್ಚಿನ ಮತ್ತು ಕಡಿಮೆಯ ಅಂಕ ತೆಗೆದುಹಾಕಿದರೂ ಪೂರ್ತಿ ರಕ್ಷಣೆಯಿಲ್ಲ. ಒಬ್ಬರು ವಾಲಿದರೆ ಅವರ ಅಂಕ ಉದುರುತ್ತದೆ. ಇಬ್ಬರು ಒಂದೇ ಕಡೆ ವಾಲಿದರೆ ಒಬ್ಬರದ್ದು ಉಳಿದುಕೊಳ್ಳುತ್ತದೆ. ತೀರ್ಪುಗಾರರ ತರಬೇತಿಯಲ್ಲಿ ಹಳೆಯ ವಿಡಿಯೊವೊಂದಕ್ಕೆ ಅಂಕ ಹಾಕಿಸಿ, ಹದಿನೈದು ದಿನ ಬಿಟ್ಟು ಅದನ್ನೇ ಮತ್ತೆ ತೋರಿಸಿ ಅಂಕ ಹಾಕಿಸಬಹುದು. ಖರ್ಚಿಲ್ಲದ ಪರೀಕ್ಷೆ. ಮುಜುಗರ ಆಗಬಹುದು, ಆದರೆ ಯಾರ ಕಣ್ಣು ಎಷ್ಟು ಸ್ಥಿರ ಎಂಬುದು ಅವರಿಗೇ ತಿಳಿಯುತ್ತದೆ.

ನನ್ನ ಗೆಳತಿಯೊಬ್ಬಳು ಎಂಟು ವರ್ಷದಿಂದ ಆಸನ ಅಭ್ಯಾಸ ಮಾಡುತ್ತಿದ್ದಾಳೆ. ಬೆಳಿಗ್ಗೆ ಐದಕ್ಕೆ ಎದ್ದು ಅಭ್ಯಾಸ, ಆಮೇಲೆ ಬಸ್ಸು, ಆಮೇಲೆ ತರಗತಿ. ಕಳೆದ ವರ್ಷ ಒಂದು ಆಯ್ಕೆ ಸ್ಪರ್ಧೆಯಲ್ಲಿ ಅರ್ಧ ಅಂಕದಿಂದ ತಂಡದ ಹೊರಗೆ ಉಳಿದಳು. ಅಳಲಿಲ್ಲ, ಜಗಳ ಆಡಲಿಲ್ಲ. ತೀರ್ಪುಗಾರರೊಬ್ಬರ ಬಳಿ ಹೋಗಿ, 'ಸರ್, ಯಾವ ಆಸನದಲ್ಲಿ ತಿದ್ದಿಕೊಳ್ಳಬೇಕು?' ಎಂದು ಮಾತ್ರ ಕೇಳಿದಳು. 'ಎಲ್ಲಾ ಚೆನ್ನಾಗಿತ್ತಮ್ಮ, ಇನ್ನೂ ಸ್ವಲ್ಪ ಅಭ್ಯಾಸ ಮಾಡು' ಎಂಬ ಉತ್ತರ ಸಿಕ್ಕಿತು. ಆ ಉತ್ತರ ಇಟ್ಟುಕೊಂಡು ಮರುದಿನ ಬೆಳಿಗ್ಗೆ ಐದಕ್ಕೆ ಎದ್ದು ಅವಳು ಏನನ್ನು ಅಭ್ಯಾಸ ಮಾಡಬೇಕು? ಮೊಣಕಾಲೇ, ಉಸಿರೇ, ನಿಲ್ಲುವ ಸಮಯವೇ? ಸೋಲು ದೊಡ್ಡ ಮಾತಲ್ಲ. ಕಾರಣವಿಲ್ಲದ ಸೋಲಿನಿಂದ ಏನೂ ಕಲಿಯಲಾಗುವುದಿಲ್ಲ, ಅದೇ ಬೇಸರ.

ತೀರ್ಪುಗಾರರ ಕಷ್ಟವನ್ನೂ ಹೇಳಬೇಕು. ನಮ್ಮಲ್ಲಿ ಹೆಚ್ಚಿನವರು ದೈಹಿಕ ಶಿಕ್ಷಣ ಶಿಕ್ಷಕರು, ಯೋಗ ತರಗತಿ ನಡೆಸುವವರು. ಬೆಳಿಗ್ಗೆ ಕುಳಿತರೆ ಸಂಜೆಯವರೆಗೆ ಮಕ್ಕಳು ಬರುತ್ತಲೇ ಇರುತ್ತಾರೆ. ಮೊದಲು ಬಂದವರಿಗೆ ಕೈ ಬಿಗಿಹಿಡಿದು ಅಂಕ ಹಾಕುತ್ತಾರೆ, ಮುಂದೆ ಇನ್ನೂ ಚೆನ್ನಾಗಿ ಮಾಡುವವರು ಬಂದರೆ ಜಾಗ ಬೇಕಲ್ಲ ಎಂದು. ಊಟದ ನಂತರ ಕೈ ಸಡಿಲವಾಗುತ್ತದೆ. ಇದರಲ್ಲಿ ಕೆಟ್ಟತನವೇನಿಲ್ಲ, ಆಯಾಸ ಇದೆ. ಆದರೆ ತಾವೇ ಕಲಿಸಿದ ಮಗು ವೇದಿಕೆಗೆ ಬಂದಾಗಲೂ ಅದೇ ಕುರ್ಚಿಯಲ್ಲಿ ಕುಳಿತಿರುವುದನ್ನು ಆಯಾಸದ ಲೆಕ್ಕಕ್ಕೆ ಹಾಕಲಾಗದು. ಆ ಒಂದು ಸರದಿಗೆ ಎದ್ದು ಹೋದರೆ ಅವರ ಗೌರವ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಯೋಗ ಕಲಿಸುವವರ ಬಳಗ ಚಿಕ್ಕದು, ಎಲ್ಲರಿಗೂ ಎಲ್ಲರ ಶಿಷ್ಯರೂ ಗೊತ್ತು, ಬೇರೆ ಯಾರನ್ನು ತರುವುದು ಎನ್ನುತ್ತಾರೆ. ಬಳಗ ಚಿಕ್ಕದಾದಷ್ಟೂ ಲೆಕ್ಕ ತೆರೆದಿಡುವುದು ಹೆಚ್ಚು ಅಗತ್ಯ ಎಂಬುದು ನನ್ನ ವಾದ.

ಯಂತ್ರ ಬರಲಿ, ಎಲ್ಲ ಸರಿಯಾಗುತ್ತದೆ ಎನ್ನುವ ಗೆಳೆಯರು ನನ್ನ ಬ್ರಾಂಚ್‌ನಲ್ಲೇ ಬೇಕಾದಷ್ಟಿದ್ದಾರೆ. ಜಿಮ್ನಾಸ್ಟಿಕ್ಸ್‌ನಲ್ಲಿ ಫುಜಿತ್ಸು ಕಂಪನಿಯ ಜೊತೆ ಸೇರಿ ಮಾಡಿದ ವ್ಯವಸ್ಥೆ 2023ರ ಆಂಟ್ವರ್ಪ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಹತ್ತೂ ಉಪಕರಣಗಳಿಗೆ ಬಳಕೆಯಾಯಿತು. ದೇಹದ ಕೋನಗಳನ್ನು ಲೆಕ್ಕ ಹಾಕುವುದರಲ್ಲಿ ಅದು ನಮ್ಮ ಕಣ್ಣಿಗಿಂತ ಮೇಲು. ಆದರೆ ಅಲ್ಲೂ ಅದು ತೀರ್ಪುಗಾರರಿಗೆ ಸಹಾಯಕ. ಮೈಸೂರಿನ ಶಾಲೆಯೊಂದರ ಸಭಾಂಗಣಕ್ಕೆ ಅದು ಬರುವ ದಿನ ದೂರವಿದೆ. ಬಂದರೂ, ಕಾರಣ ಹೇಳದ ಯಂತ್ರ ಕಾರಣ ಹೇಳದ ಮನುಷ್ಯನಿಗಿಂತ ಯಾವ ರೀತಿಯಲ್ಲೂ ವಾಸಿಯಲ್ಲ.

ಇಷ್ಟಕ್ಕೂ ನಾನು ಕೇಳುತ್ತಿರುವುದು ಹೊಸ ಹಕ್ಕೇನಲ್ಲ. ಪರೀಕ್ಷೆ ಬರೆದ ವಿದ್ಯಾರ್ಥಿಗೆ ಮೌಲ್ಯಮಾಪನವಾದ ತನ್ನ ಉತ್ತರ ಪತ್ರಿಕೆಯನ್ನು ಮಾಹಿತಿ ಹಕ್ಕಿನಡಿ ನೋಡುವ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ 2011ರ ಆಗಸ್ಟ್‌ನಲ್ಲಿ ಹೇಳಿತು. ಪಿಯುಸಿ ಫಲಿತಾಂಶದ ನಂತರ ನಾವೆಲ್ಲ ಸ್ಕ್ಯಾನ್ ಪ್ರತಿಗೆ ಅರ್ಜಿ ಹಾಕಿದವರೇ, ಅಥವಾ ಹಾಕಿದವರನ್ನು ಕಂಡವರೇ. ಪ್ರತಿ ಕೈಗೆ ಬಂದ ಮೇಲೆ ಅರ್ಧಕ್ಕರ್ಧ ಅನುಮಾನ ಅಲ್ಲೇ ಕರಗುತ್ತದೆ. ಪ್ರಶ್ನೆಯ ಎದುರು ಅಂಕ ಇರುತ್ತದೆ, ಒಪ್ಪಬಹುದು ಇಲ್ಲವೇ ಮರುಮೌಲ್ಯಮಾಪನ ಕೇಳಬಹುದು. ಕಾರಣ ದಾಖಲಾಗದ ಅಂಕ ಏನು ಮಾಡುತ್ತದೆ ಎಂಬುದನ್ನು ಕೆಲಸ ಹುಡುಕುವ ಅಣ್ಣ ಅಕ್ಕಂದಿರಿಗೆ ನಾನು ವಿವರಿಸಬೇಕಿಲ್ಲ. 2011ನೇ ಸಾಲಿನ ಕೆಪಿಎಸ್‌ಸಿಯ 362 ಹುದ್ದೆಗಳ ಪಟ್ಟಿ ಸಂದರ್ಶನದ ಅಂಕಗಳ ಮೇಲಿನ ಅನುಮಾನದಿಂದ ವರ್ಷಗಟ್ಟಲೆ ಕೋರ್ಟು ಕಚೇರಿ ಸುತ್ತಿದ್ದು ನಮ್ಮ ರಾಜ್ಯದಲ್ಲೇ. ಪ್ರಾಮಾಣಿಕವಾಗಿ ಓದಿ ಬಂದವರೂ ಆ ಅನುಮಾನದ ನೆರಳಿನಲ್ಲೇ ಕಾಯಬೇಕಾಯಿತು.

ಯೋಗಾಸನ ಸ್ಪರ್ಧೆಯ ಅಂಕಪಟ್ಟಿಯೂ ಒಂದು ಉತ್ತರ ಪತ್ರಿಕೆಯೇ. ಪ್ರತಿ ಆಸನಕ್ಕೆ ಒಂದು ಸಾಲು. ಕಡಿತ ಮಾಡಿದರೆ ಪಕ್ಕದಲ್ಲಿ ಒಂದಕ್ಷರ: ಮೊಣಕಾಲು ಬಾಗಿದರೆ 'ಮೊ', ನಡುಕಕ್ಕೆ 'ನ', ಸಮಯಕ್ಕೆ ಮುಂಚೆ ಇಳಿದರೆ 'ಸ'. ಹೀಗೆ ಬರೆಯಬೇಕಾದಾಗ ತೀರ್ಪುಗಾರರೂ ಒಂದು ಕ್ಷಣ ಹೆಚ್ಚು ಗಮನವಿಟ್ಟು ನೋಡುತ್ತಾರೆ, ಸುಮ್ಮನೆ ಅರ್ಧ ಅಂಕ ಕತ್ತರಿಸುವುದು ಕಷ್ಟವಾಗುತ್ತದೆ. ಕೆಳಗೆ ಒಂದು ಕಾರ್ಬನ್ ಹಾಳೆ ಇಟ್ಟರೆ ಎರಡನೇ ಪ್ರತಿ ಸ್ಪರ್ಧಿಗೆ. ಸ್ಟ್ಯಾಂಡಿನ ಮೇಲೆ ಒಂದು ಮೊಬೈಲ್, ಎಲ್ಲರಿಗೂ ಒಂದೇ ಕೋನದಿಂದ ವಿಡಿಯೊ. ನೆಲದ ಮೇಲೆ ಟೇಪಿನಿಂದ ಒಂದು ಚೌಕ ಹಾಕಿ ಅದರೊಳಗೇ ಚಾಪೆ ಹಾಸಿದರೆ, ಸ್ಕೇಟಿಂಗ್‌ನವರ ಕ್ಯಾಮೆರಾ ಗೋಳು ನಮಗೆ ಬರುವುದೇ ಇಲ್ಲ.

ಆಕ್ಷೇಪಣೆಗೂ ಸಮಯ ಬೇಕು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಜಿಮ್ನಾಸ್ಟಿಕ್ಸ್ ಫ್ಲೋರ್ ಫೈನಲ್‌ನಲ್ಲಿ ಕೊನೆಗೆ ಆಡಿದ ಜೋರ್ಡಾನ್ ಚೈಲ್ಸ್ ಪರವಾಗಿ ಮೇಲ್ಮನವಿ ಕೊಡಲು ಕೋಚ್‌ಗೆ ಇದ್ದದ್ದು ಒಂದೇ ನಿಮಿಷ. ನಾಲ್ಕು ಸೆಕೆಂಡ್ ತಡವಾಗಿತ್ತೆಂದು ಕ್ರೀಡಾ ನ್ಯಾಯಮಂಡಳಿ ಹೇಳಿ, ಕೊರಳಿಗೆ ಬಿದ್ದ ಕಂಚನ್ನೂ ಹಿಂದಿರುಗಿಸಲು ಸೂಚನೆ ಹೋಯಿತು. ನಮ್ಮಲ್ಲಿ ಅಷ್ಟು ಅವಸರ ಬೇಡ, ಬಹುಮಾನ ವಿತರಣೆಗೆ ಮೊದಲು ಅರ್ಧ ಗಂಟೆ ಇಟ್ಟರೆ ಧಾರಾಳವಾಯಿತು. ಮುಖ್ಯ ಅತಿಥಿಗಳು ಬರುವುದು ಹೇಗೂ ಅದಕ್ಕಿಂತ ತಡವಾಗಿಯೇ.