ಕೈಗೊಂದು ಹೆಸರಿರಲಿ

ಅಮೇರಿಕೆಯ ವಿದ್ಯುತ್ ಗಿಟಾರಿನ ಮಾತನ್ನು ಹೋಟೆಲು ಕಾರ್ಮಿಕರೂ ಗುಮಾಸ್ತರೂ ಓದುವ ಪತ್ರಿಕೆಯಲ್ಲಿ ಎತ್ತುವುದೇಕೆಂದು ವಾಚಕರು ಕೇಳಬಹುದು. ಕೇಳುವುದು ನ್ಯಾಯವೇ. ಆದರೆ ಕಾಂದಿವಲಿಯ ಠಾಕೂರ್ ವಿಲೇಜಿನಲ್ಲಾಗಲಿ ಮಹಾವೀರ ನಗರದಲ್ಲಾಗಲಿ ಸಂಜೆಯ ಹೊತ್ತು ಒಂದು ಸುತ್ತು ಹಾಕಿದವರಿಗೆ, ಬೆನ್ನಿಗೆ ಗಿಟಾರಿನ ಚೀಲ ಏರಿಸಿಕೊಂಡು ಪಾಠಕ್ಕೆ ಹೋಗುವ ಮಕ್ಕಳು ಕಾಣದಿರುವುದಿಲ್ಲ. ಅವರಲ್ಲಿ ನಮ್ಮವರ ಮಕ್ಕಳೂ ಇದ್ದಾರೆ. ಒಂದು ವಾದ್ಯಕ್ಕೆ ಕೆಲವು ಸಾವಿರ ರೂಪಾಯಿ, ನೋಡಲು ಅದರಂತೆಯೇ ಇರುವ ಇನ್ನೊಂದಕ್ಕೆ ಲಕ್ಷಗಟ್ಟಲೆ ರೂಪಾಯಿ ಏಕೆಂದು ಮಗ ಕೇಳಿದರೆ ತಂದೆ ಕೊಡಬೇಕಾದ ಉತ್ತರವು ನಮ್ಮ ಅಡುಗೆಮನೆಗಳಿಗೂ ಸಲ್ಲತಕ್ಕದ್ದಾಗಿದೆ. ಆದುದರಿಂದ ಈ ನಾಲ್ಕು ಮಾತು.

ವೀಣೆಯಲ್ಲಿ ನಾದವನ್ನು ಬೆಳೆಸುವುದು ಟೊಳ್ಳಾದ ಕೊಡ. ವಿದ್ಯುತ್ ಗಿಟಾರಿಗೆ ಆ ಕೊಡವಿಲ್ಲ. ಅದರ ಒಡಲು ಸಾಮಾನ್ಯವಾಗಿ ಗಟ್ಟಿ ಹಲಗೆ. ಉಕ್ಕಿನ ತಂತಿಗಳ ಕೆಳಗೆ ಅಯಸ್ಕಾಂತದ ತುಂಡುಗಳನ್ನಿಟ್ಟು, ಅವುಗಳ ಸುತ್ತ ತಲೆಗೂದಲಿನಷ್ಟು ತೆಳುವಾದ ತಾಮ್ರದ ಎಳೆಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಇದಕ್ಕೆ ಪಿಕಪ್ ಎಂದು ಹೆಸರು. ಮೀಟಿದ ತಂತಿಯು ಕಂಪಿಸಿದಾಗ ಅಯಸ್ಕಾಂತದ ಕ್ಷೇತ್ರವು ಕದಲಿ ತಾಮ್ರದಲ್ಲಿ ಸೂಕ್ಷ್ಮವಾದ ವಿದ್ಯುತ್ತು ಹುಟ್ಟುತ್ತದೆ. ಅದನ್ನು ಆಂಪ್ಲಿಫೈಯರು ಹೆಚ್ಚಿಸಿ ಸ್ಪೀಕರಿಗೆ ಒಪ್ಪಿಸುತ್ತದೆ. ಸುತ್ತುಗಳು ಹೆಚ್ಚಾದರೆ ದನಿ ಜೋರಾಗಿ ದಪ್ಪವಾಗುತ್ತದೆ. ಕಡಿಮೆಯಾದರೆ ತಿಳಿಯಾಗಿ ಮಿನುಗುತ್ತದೆ. ಸುತ್ತುವ ಬೆರಳಿನ ಬಿಗಿ ಎಷ್ಟಿತ್ತು, ಎಳೆಗಳು ಒತ್ತಾಗಿ ಕುಳಿತವೋ ಸಡಿಲಾಗಿ ಕುಳಿತವೋ ಎಂಬುದೂ ಸ್ವರದಲ್ಲಿ ತೋರಿಬರುತ್ತದೆ.

ಈ ವಾದ್ಯದಲ್ಲಿ ಎರಡು ಮನೆತನಗಳು ಮುಖ್ಯವಾದುವು. ಕ್ಯಾಲಿಫೋರ್ನಿಯಾದ ಫುಲರ್ಟನ್ ಎಂಬ ಊರಿನಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ ಲಿಯೋ ಫೆಂಡರ್ ಎಂಬವರು 1950ರಲ್ಲಿ ಗಟ್ಟಿ ಹಲಗೆಯ ಗಿಟಾರನ್ನು ಮಾರುಕಟ್ಟೆಗೆ ತಂದರು. ಮುಂದೆ ಟೆಲಿಕಾಸ್ಟರ್ ಎಂದು ಪ್ರಸಿದ್ಧವಾದುದು ಅದೇ. 1954ರಲ್ಲಿ ಸ್ಟ್ರಾಟೋಕಾಸ್ಟರ್ ಬಂದಿತು. ಮೇಪಲ್ ಮರದ ಕುತ್ತಿಗೆಯನ್ನು ಒಡಲಿಗೆ ತಿರುಪಿನಿಂದ ಬಿಗಿಯುವುದು ಅವರ ಪದ್ಧತಿ; ಘಂಟೆಯಂತೆ ಸ್ಪಷ್ಟವಾದ ದನಿ ಅವುಗಳ ಗುರುತು. ಸೋಜಿಗವೆಂದರೆ ಲಿಯೋ ಫೆಂಡರರಿಗೆ ಗಿಟಾರು ನುಡಿಸಲು ಬರುತ್ತಿರಲಿಲ್ಲ. ಇನ್ನೊಂದು ಮನೆತನ ಗಿಬ್ಸನ್. ಮಿಶಿಗನ್ ಪ್ರಾಂತದ ಕಲಮಝೂ ನಗರದ ಆ ಕಾರ್ಖಾನೆಯಿಂದ 1952ರಲ್ಲಿ ಲೆಸ್ ಪಾಲ್ ಎಂಬ ಮಾದರಿ ಹೊರಬಿತ್ತು. ಮಹಾಗನಿಯ ಒಡಲಿನ ಮೇಲೆ ಮೇಪಲ್ ಹೊದಿಕೆ, ಕುತ್ತಿಗೆಯನ್ನು ಅಂಟಿನಿಂದ ಬೆಸೆದ ಕೂಡಿಕೆ. ಅಲ್ಲಿಯ ಎಂಜಿನಿಯರ್ ಸೆತ್ ಲವರ್ ಎಂಬವರು 1955ರಲ್ಲಿ ಎರಡು ಸುರುಳಿಗಳನ್ನು ಎದುರುಬದುರಾಗಿ ಜೋಡಿಸಿ ವಿದ್ಯುತ್ತಿನ ಗುಂಯ್‌ಗುಡುವಿಕೆಯನ್ನು ಅಡಗಿಸುವ ಉಪಾಯವನ್ನು ರೂಪಿಸಿದರು. ದುಂಡಗಿನ, ತುಂಬಿದ ದನಿ ಅದರಿಂದ ಲಭಿಸಿತು.

ಇಷ್ಟು ಕಾರ್ಖಾನೆಯ ಮಾತಾಯಿತು. ನಮ್ಮ ವಾಚಕರಿಗೆ ಹೇಳಲೇಬೇಕಾದುದು ಅದರೊಳಗಿನ ಕೈಗಳ ಮಾತು. ಫುಲರ್ಟನ್ನಿನ ಆ ಕಾರ್ಖಾನೆಯಲ್ಲಿ ಮೆಕ್ಸಿಕೋ ಮೂಲದ ಕಾರ್ಮಿಕರು ಬಹಳ ಮಂದಿ ಇದ್ದರು. ಹೊಟ್ಟೆಪಾಡಿಗೆ ಗಡಿ ದಾಟಿ ಬಂದವರು, ಇಲ್ಲವೆ ಹಾಗೆ ಬಂದವರ ಮಕ್ಕಳು. 1950ರ ದಶಕದಲ್ಲಿ ಗಿಟಾರಿನ ಕುತ್ತಿಗೆಗೆ ರೂಪು ಕೊಡುತ್ತಿದ್ದ ಟಡಿಯೋ ಗೋಮೆಝ್ ಎಂಬಾತ, ಕೆಲಸ ಮುಗಿದ ಕುತ್ತಿಗೆಯ ಬುಡದಲ್ಲಿ ತನ್ನ ಹೆಸರಿನ ಎರಡು ಮೊದಲಕ್ಷರಗಳನ್ನೂ ದಿನಾಂಕವನ್ನೂ ಪೆನ್ಸಿಲಿನಲ್ಲಿ ಬರೆಯುತ್ತಿದ್ದ. ಒಡಲಿಗೆ ಬಿಗಿದ ಮೇಲೆ ಅದು ಯಾರ ಕಣ್ಣಿಗೂ ಬೀಳದು. ಅಬಿಗೈಲ್ ಇಬಾರಾ ಎಂಬ ಮಹಿಳೆ 1956ರಲ್ಲಿ ಅಲ್ಲಿ ಕೆಲಸಕ್ಕೆ ಸೇರಿ, ಪಿಕಪ್ಪಿಗೆ ತಾಮ್ರದ ಎಳೆ ಸುತ್ತುವುದರಲ್ಲಿ ಕೈಪಳಗಿ, 2013ರಲ್ಲಿ ನಿವೃತ್ತರಾದರು. ಅವರು ಸುತ್ತಿ ತಮ್ಮ ಹೆಸರಿನ ಗುರುತು ಹಾಕಿದ ಪಿಕಪ್ಪುಗಳನ್ನು ವಾದಕರು ಹುಡುಕಿಕೊಂಡು ಹೋಗಿ ಕೊಳ್ಳುತ್ತಾರೆ.

ಇಲ್ಲಿ ಒಂದು ಕಹಿ ಸತ್ಯವನ್ನೂ ಮರೆಮಾಚಲಾಗದು. ಲಿಯೋ ಫೆಂಡರರ ಸಂಸ್ಥೆ 1965ರಲ್ಲಿ 130 ಲಕ್ಷ ಡಾಲರಿಗೆ ಮಾರಾಟವಾಯಿತು. 2019ರ ಜೂನಿನಲ್ಲಿ ಡೇವಿಡ್ ಗಿಲ್ಮರ್ ಎಂಬ ಇಂಗ್ಲಿಷ್ ವಾದಕರ ಕಪ್ಪು ಸ್ಟ್ರಾಟೋಕಾಸ್ಟರ್ ನ್ಯೂಯಾರ್ಕಿನ ಹರಾಜಿನಲ್ಲಿ 39 ಲಕ್ಷ 75 ಸಾವಿರ ಡಾಲರಿಗೆ ಹೋಯಿತು. ಹಳೆಯ ಗಿಟಾರಿಗೆ ಬೆಲೆ ಏರಿದಾಗ ಆ ಲಾಭವು ಸೇರುವುದು ಅದನ್ನು ಇಟ್ಟುಕೊಂಡವನಿಗೆ, ಕುತ್ತಿಗೆ ಉಜ್ಜಿದವನಿಗಲ್ಲ. ಹೆಸರೊಂದೇ ಹೊಟ್ಟೆ ತುಂಬಿಸುವುದಿಲ್ಲ. ಆದರೆ ಹೆಸರೇ ಇಲ್ಲದ ಕೈಗೆ ನ್ಯಾಯವಾದ ಕೂಲಿಯನ್ನು ಕೇಳುವುದಕ್ಕೂ ಬಾಯಿ ಇರುವುದಿಲ್ಲ.

ಈ ವಾದ್ಯಕ್ಕೂ ನಮ್ಮ ನಾಡಿಗೂ ನೇರವಾದ ಸಂಬಂಧವೊಂದಿದೆ. ತಂತಿಯನ್ನು ಒತ್ತುವ ಬೆರಳು ಓಡಾಡುವ ಕಪ್ಪು-ಕಂದು ಪಟ್ಟಿಯು ಅನೇಕ ಗಿಟಾರುಗಳಲ್ಲಿ ನಮ್ಮ ಬೀಟೆ ಮರದ್ದು. ಘಟ್ಟ ಹತ್ತಿಳಿದ ನಮ್ಮವರಿಗೆ ಬೀಟೆಯನ್ನು ಪರಿಚಯಿಸಬೇಕಾಗಿಲ್ಲ. ಬ್ರೆಝಿಲಿನ ಬೀಟೆಯ ವ್ಯಾಪಾರಕ್ಕೆ 1992ರಲ್ಲಿ ಅಂತರರಾಷ್ಟ್ರೀಯ ತಡೆ ಬಿದ್ದಿತು. ಭಾರತದ ಬೀಟೆಯ ಮಾನ ಇನ್ನೂ ಹೆಚ್ಚಿತು. 2011ರ ಆಗಸ್ಟಿನಲ್ಲಿ ಅಮೇರಿಕೆಯ ಅಧಿಕಾರಿಗಳು ಗಿಬ್ಸನ್ ಕಾರ್ಖಾನೆಗಳನ್ನು ಶೋಧಿಸಿ, ಭಾರತದಿಂದ ತರಿಸಿದ ಬೀಟೆ ಮತ್ತು ಕರಿಮರದ ಪಟ್ಟಿಗಳನ್ನು ವಶಪಡಿಸಿಕೊಂಡರು. ಕೊಯ್ದ ಹಲಗೆಯನ್ನು ಹೊರದೇಶಕ್ಕೆ ಕಳಿಸಲು ನಮ್ಮ ಕಾನೂನು ಒಪ್ಪದು. ವಾದ್ಯದ ಸಿದ್ಧ ಭಾಗವಾದರೆ ಒಪ್ಪುತ್ತದೆ. ಈ ಪಟ್ಟಿ ಬರಿಯ ಹಲಗೆಯೋ, ವಾದ್ಯದ ಭಾಗವೋ? ವಿವಾದವಿದ್ದುದು ಅಲ್ಲಿ. ಮಡಗಾಸ್ಕರದ ಕರಿಮರದ ಇನ್ನೊಂದು ಪ್ರಕರಣವೂ ಸೇರಿಕೊಂಡಿದ್ದು, 2012ರಲ್ಲಿ ಗಿಬ್ಸನ್ ಸಂಸ್ಥೆ 3 ಲಕ್ಷ ಡಾಲರು ದಂಡ ತೆತ್ತು ರಾಜಿಯಾಯಿತು. ಭಾರತದ ಪಟ್ಟಿಗಳ ವರ್ಗೀಕರಣದಲ್ಲಿ ಅಸ್ಪಷ್ಟತೆಯಿದೆಯೆಂದು ಅಲ್ಲಿಯ ಸರಕಾರವೇ ಒಪ್ಪಿತು. ಈ ವ್ಯಾಜ್ಯದ ತಿರುಳನ್ನು ನೋಡಿರಿ: ಮರಕ್ಕೆ ನಮ್ಮ ನೆಲದ ಕೈಕೆಲಸ ಎಷ್ಟು ಸೇರಿದೆಯೆಂಬುದರ ಮೇಲೆ ಅದು ಸರಕೋ ಸಾಮಗ್ರಿಯೋ ಎಂಬ ತೀರ್ಮಾನ ನಿಂತಿತ್ತು.

ಇನ್ನು ನಮ್ಮ ಅಡುಗೆಮನೆಗೆ ಬರೋಣ. ಮಾಟುಂಗಾದಲ್ಲಿ ಎ. ರಾಮ ನಾಯಕರು 1942ರಲ್ಲಿ ಬೋರ್ಡಿಂಗ್ ತೆರೆದ ಸಂಗತಿಯನ್ನು ಮುಂಬಯಿಯ ಕನ್ನಡಿಗರು ಅಭಿಮಾನದಿಂದ ಹೇಳುತ್ತಾರೆ, ಹೇಳತಕ್ಕದ್ದೇ. ಧಣಿಗಳ ಹೆಸರು, ಇಸವಿ ನಮ್ಮ ನಾಲಿಗೆಯ ಮೇಲಿವೆ. ಆದರೆ ಈ ಮಹಾನಗರಕ್ಕೆ ದೋಸೆಯ ರುಚಿ ಹತ್ತಿಸಿದ ಭಟ್ಟರಲ್ಲಿ ಹತ್ತು ಜನರ ಹೆಸರನ್ನು ಯಾರಾದರೂ ಹೇಳಬಲ್ಲರೇ? ಮಳೆಗಾಲದಲ್ಲಿ ಹಿಟ್ಟು ಎಷ್ಟು ಹೊತ್ತಿಗೆ ಹುಳಿಯೇರುವುದು, ಚಳಿಗಾಲದಲ್ಲಿ ಎಷ್ಟು ಹೊತ್ತು ಕಾಯಬೇಕು, ನೀರು ಚಿಮುಕಿಸಿದಾಗ ಕಾವಲಿ ಯಾವ ಸದ್ದು ಮಾಡಿದರೆ ಹಿಟ್ಟು ಸುರಿಯತಕ್ಕದ್ದು ಎಂಬುದನ್ನು ಯಾವ ಪುಸ್ತಕದಿಂದಲೂ ಅವರು ಕಲಿತವರಲ್ಲ. ತಾಮ್ರದ ಎಳೆಯ ಬಿಗಿಯನ್ನು ಬೆರಳಿನಿಂದ ತಿಳಿದ ಇಬಾರಾ ಅವರ ವಿದ್ಯೆಗೂ ಈ ವಿದ್ಯೆಗೂ ಜಾತಿ ಒಂದೇ. ಹೋಟೆಲು ನಡೆಸಿದ ನಾವು ಇದನ್ನು ಬಲ್ಲೆವು: ಭಟ್ಟನು ಬಿಟ್ಟುಹೋದ ವಾರವೇ ಗಿರಾಕಿಗೆ ಗೊತ್ತಾಗುತ್ತದೆ, ಧಣಿ ಊರಿಗೆ ಹೋದರೆ ತಿಂಗಳಾದರೂ ಗೊತ್ತಾಗುವುದಿಲ್ಲ.

ಹೆಸರನ್ನು ಪ್ರಕಟಿಸಿದರೆ ಎದುರಿನ ಹೋಟೆಲಿನವನು ಆಳನ್ನು ಸೆಳೆದುಕೊಳ್ಳುವನೆಂದು ಮಾಲಿಕರು ಹೇಳಬಹುದು. ಹೆಸರನ್ನು ಬಚ್ಚಿಟ್ಟು ಉಳಿಸಿಕೊಂಡವನು ಎಂದಾದರೂ ಹೋಗತಕ್ಕವನೇ. ಗಿಬ್ಸನ್ ಸಂಸ್ಥೆಯು 1984ರಲ್ಲಿ ಕಲಮಝೂವಿನ ಕಾರ್ಖಾನೆಯನ್ನು ಮುಚ್ಚಿ ನ್ಯಾಶ್‌ವಿಲ್ಲಿಗೆ ಹೋದಾಗ, ಊರು ಬಿಡಲೊಲ್ಲದ ಕೆಲವು ಹಳೆಯ ಕೆಲಸಗಾರರು 1985ರಲ್ಲಿ ಅದೇ ಕಟ್ಟಡದಲ್ಲಿ ಹೆರಿಟೇಜ್ ಎಂಬ ಹೆಸರಿನಿಂದ ತಾವೇ ಗಿಟಾರು ಮಾಡತೊಡಗಿದರು. ಫಲಕವನ್ನು ಧಣಿ ಒಯ್ಯಬಹುದು. ವಿದ್ಯೆ ಕೈಯಲ್ಲೇ ಉಳಿಯುತ್ತದೆ. ಯಂತ್ರ ಬಂದ ಮೇಲೆ ಕೈಯ ಮಾತೇಕೆ ಎನ್ನುವವರೂ ಉಂಟು. ಇಂದು ದುಬಾರಿ ಗಿಟಾರುಗಳ ಒಡಲನ್ನೂ ಕಂಪ್ಯೂಟರ್ ಯಂತ್ರವೇ ಕೊರೆಯುತ್ತದೆ, ನಿಜ. ಹಾಗಿದ್ದರೂ ಕೊನೆಯ ಉಜ್ಜುವಿಕೆ, ಮೆಟ್ಟಿಲುಗಳ ನಯ, ಸ್ವರದ ಹೊಂದಾಣಿಕೆಗಳಿಗೆ ಪಳಗಿದ ಮನುಷ್ಯನೇ ಬೇಕು. ರುಬ್ಬುವ ಯಂತ್ರ ಬಂದುದರಿಂದ ನಮ್ಮ ಭಟ್ಟರೂ ಅನಾವಶ್ಯಕರಾಗಲಿಲ್ಲ.

ಆದುದರಿಂದ ಕಾಂದಿವಲಿಯಿಂದಲೇ ಒಂದು ಪದ್ಧತಿ ಆರಂಭವಾಗಲೆಂದು ನಾವು ಸೂಚಿಸುತ್ತೇವೆ. ಪ್ರತಿಯೊಂದು ಕನ್ನಡ ಹೋಟೆಲಿನ ಗಲ್ಲೆಯ ಬಳಿ, ದೇವರ ಪಟದ ಕೆಳಗೆ, ಮುಖ್ಯ ಕೆಲಸಗಾರರ ಹೆಸರು, ಊರು, ಸೇರಿದ ವರ್ಷ ಬರೆದ ಒಂದು ಹಲಗೆ ಇರಲಿ. ಕೆಲಸ ಬಿಟ್ಟುಹೋಗುವವನಿಗೆ ಅವನು ಏನು ಬಲ್ಲನೆಂದು ಸ್ಪಷ್ಟವಾಗಿ ನಮೂದಿಸಿದ ಪತ್ರ ದೊರೆಯಲಿ. ಪಳಗಿದ ಕೈಗೂ ನಿನ್ನೆ ಬಂದವನ ಕೈಗೂ ಸಂಬಳದ ಅಂತರ ಕಾಗದದ ಮೇಲೆ ಇರಲಿ. ಕಾರ್ಮಿಕ ಬಂಧುಗಳೂ ತಮ್ಮ ಪಾಲನ್ನು ಸಲ್ಲಿಸಬೇಕು. ಹೆಸರು ಬರೆದ ಮೇಲೆ ಹಳಸಿದ ಹಿಟ್ಟನ್ನು ಕಾವಲಿಗೆ ಸುರಿಯುವಂತಿಲ್ಲ. ಈ ಪತ್ರಗಳನ್ನು ಬರೆದುಕೊಡುವ ಕೆಲಸಕ್ಕೆ ಗುಮಾಸ್ತ ಬಂಧುಗಳು ಭಾನುವಾರದ ಒಂದು ಗಂಟೆ ಮೀಸಲಿಡಲಿ. ಹಲಗೆ ಹಾಕಿದ ಹೋಟೆಲಿನವರು ನಮಗೆ ತಿಳಿಸಿದರೆ, ಅದರಲ್ಲಿರುವ ಹೆಸರುಗಳನ್ನು ಈ ಪತ್ರಿಕೆಯಲ್ಲಿ ಉಚಿತವಾಗಿ ಅಚ್ಚು ಹಾಕುವೆವು.