ಗಾಲ್ಫ್ ಕಾರ್ಟ್ ದುಬಾರಿ: ಅಮೆರಿಕದ ಪಿಂಚಣಿದಾರರ ಜೇಬಿಗೆ ಕತ್ತರಿ, ಅಡಿಕೆ ಮಂಡಿಗೂ ಗೊತ್ತಿರೋ ಲೆಕ್ಕ!

ಹಂಪಿಯ ವಿಜಯ ವಿಠ್ಠಲ ದೇವಸ್ಥಾನ ನೋಡೋಕೆ ಹೋದವರು ಆ ಬ್ಯಾಟರಿ ಗಾಡಿ ಹತ್ತಿರ್ತಾರೆ. ಬಾಗಿಲಿಲ್ಲ, ಸದ್ದಿಲ್ಲ, ಹೊಗೆ ಇಲ್ಲ, ತಲೆ ಮೇಲೊಂದು ಚಾವಣಿ ಅಷ್ಟೇ. ಮೈಸೂರು ಮೃಗಾಲಯದಲ್ಲೂ ಅಂಥದ್ದೇ ಗಾಡಿ ಓಡಾಡುತ್ತೆ. ಇದರದ್ದೇ ಚಿಕ್ಕ ರೂಪ ಗಾಲ್ಫ್ ಕಾರ್ಟ್. ಆಟದ ಮೈದಾನಕ್ಕೆ ಅಂತ ಮಾಡಿದ ಗಾಡಿ, ಈಗ ಅಮೆರಿಕದ ನಿವೃತ್ತರ ಊರುಗಳಲ್ಲಿ ಹಾಲು, ತರಕಾರಿ, ಔಷಧಿ ತರೋ ಗಾಡಿ.

ಆ ಗಾಡಿ ಈಗ ಸುಲಭಕ್ಕೆ ಕೈಗೆ ಸಿಗ್ತಿಲ್ಲ. ಹೆಸರಾಂತ ಕಂಪನಿಯ ಹೊಸ ಕಾರ್ಟ್ 10 ಸಾವಿರ ಡಾಲರ್ ಒಳಗೆ ಸಿಗೋದು ಕಷ್ಟ. ನಾಲ್ಕು ಸೀಟು, ಲಿಥಿಯಂ ಬ್ಯಾಟರಿ, ಲೈಟು, ಇಂಡಿಕೇಟರ್ ಅಂತ ಸೇರಿಸ್ತಾ ಹೋದರೆ 15 ಸಾವಿರ ದಾಟುತ್ತೆ. ಡಾಲರ್‌ಗೆ 85 ರೂಪಾಯಿ ಅಂತ ಹಿಡಿದರೂ ಅದು 12.75 ಲಕ್ಷ ರೂಪಾಯಿ. ಆ ದುಡ್ಡಿಗೆ ಇಲ್ಲಿ ಎಸಿ ಇರೋ ಒಳ್ಳೆ ಕಾರೇ ಮನೆ ಮುಂದೆ ನಿಲ್ಲುತ್ತೆ.

ಅಮೆರಿಕದವರ ಗಾಡಿ ರೇಟು ಕಟ್ಟಿಕೊಂಡು ಇಲ್ಲಿನವರಿಗೆ ಏನಾಗಬೇಕು ಅಂತ ಕೇಳಬಹುದು. ಆದರೆ ಈ ರೇಟು ಏರಿದ ದಾರಿ ನೋಡಿದರೆ, ಅದರಲ್ಲಿ ಅಡಿಕೆ ಮಂಡಿಯೂ ಕಾಣುತ್ತೆ, ಬ್ಯಾಟರಿ ಅಂಗಡಿಯೂ ಕಾಣುತ್ತೆ.

ಊರೇ ಗಾಡಿಗಾಗಿ ಕಟ್ಟಿದ್ದು

ಫ್ಲೋರಿಡಾ ರಾಜ್ಯದಲ್ಲಿ 'ದಿ ವಿಲೇಜಸ್' ಅಂತ ಒಂದು ಊರಿದೆ. 55 ದಾಟಿದವರಿಗಾಗಿಯೇ ಕಟ್ಟಿದ ಊರು. 2010ರಿಂದ 2020ರ ನಡುವೆ ಅಮೆರಿಕದ ಜನಗಣತಿಯಲ್ಲಿ ಅತಿ ವೇಗವಾಗಿ ಬೆಳೆದ ನಗರ ಪ್ರದೇಶ ಇದೇ. ಹತ್ತು ವರ್ಷದಲ್ಲಿ ಶೇ. 39ರಷ್ಟು ಜನ ಹೆಚ್ಚಾಗಿ, ಸಂಖ್ಯೆ 1.30 ಲಕ್ಷದ ಹತ್ತಿರ ಬಂತು.

ಈ ಊರಲ್ಲಿ ಗಾಲ್ಫ್ ಕಾರ್ಟ್ ಓಡಾಡೋಕೆ ಅಂತ 160 ಕಿ.ಮೀ.ಗೂ ಹೆಚ್ಚು ದಾರಿ ಇದೆ. ಬ್ಯಾಂಕಿಗೆ, ಆಸ್ಪತ್ರೆಗೆ, ಅಂಗಡಿಗೆ, ಸಂಜೆ ಹರಟೆ ಕಟ್ಟೆಗೆ ಎಲ್ಲದಕ್ಕೂ ಕಾರ್ಟ್. 2005ರಲ್ಲಿ 3,321 ಕಾರ್ಟ್‌ಗಳನ್ನು ಒಟ್ಟಿಗೆ ಮೆರವಣಿಗೆ ಹೊರಡಿಸಿ ಗಿನ್ನೆಸ್ ದಾಖಲೆ ಮಾಡಿದ ಊರಿದು. ಅರಿಜೋನಾದ ಸನ್ ಸಿಟಿ ಇದಕ್ಕಿಂತ ಹಳೇದು. ಡೆಲ್ ವೆಬ್ ಅನ್ನೋ ಬಿಲ್ಡರ್ 1960ರ ಜನವರಿ 1ರಂದು ಅದನ್ನು ಶುರು ಮಾಡಿದ್ದರು. ಅಲ್ಲೂ ಕಾರ್ಟ್ ಇಲ್ಲದ ಬದುಕು ಕಷ್ಟ.

ಮಗನ ಮನೆಗೋ ಮಗಳ ಮನೆಗೋ ಅಂತ ಅಮೆರಿಕಕ್ಕೆ ಹೋಗಿ ಬಂದ ಹಿರಿಯರು ವಾಪಸ್ ಬಂದು ಹೇಳೋ ಮಾತು ಒಂದೇ: 'ಕಾರಿಲ್ಲದೆ ಮನೆ ಹೊಸ್ತಿಲು ದಾಟೋಕಾಗಲ್ಲ.' ಆಟೋ ಇಲ್ಲ, ಬೀದಿ ಕೊನೆಗೆ ಕಿರಾಣಿ ಅಂಗಡಿ ಇಲ್ಲ. ವಯಸ್ಸಾಗಿ ಕಣ್ಣು ಮಂದವಾಗಿ, ಹೆದ್ದಾರಿಯಲ್ಲಿ ಕಾರು ಓಡಿಸೋ ಧೈರ್ಯ ಹೋದ ಮೇಲೆ ಉಳಿಯೋದು ಈ ನಿಧಾನದ ಗಾಡಿ. ಫ್ಲೋರಿಡಾದಲ್ಲಿ 2023ರ ಅಕ್ಟೋಬರ್ 1ರಿಂದ ಬಂದ ಕಾನೂನಿನ ಪ್ರಕಾರ 18 ದಾಟಿದವರಿಗೆ ಗಾಲ್ಫ್ ಕಾರ್ಟ್ ಓಡಿಸೋಕೆ ಸರ್ಕಾರಿ ಫೋಟೋ ಗುರುತಿನ ಚೀಟಿ ಇದ್ದರೆ ಸಾಕು, ಡ್ರೈವಿಂಗ್ ಲೈಸೆನ್ಸ್ ಬೇಕಿಲ್ಲ.

ಹಾಗಾಗಿ ಕಾರು ಬಿಟ್ಟ ಅಜ್ಜ ಅಜ್ಜಿಗೆ ಕಾರ್ಟ್ ಅಂದರೆ ಕಾಲು. ಅದು ಶೋಕಿ ಅಲ್ಲ. ಬೇಡ ಅನ್ನೋಕಾಗದ ಗಿರಾಕಿ ಅಂಗಡಿಯಲ್ಲಿ ಚೌಕಾಸಿ ಮಾಡೋದು ಹೇಗೆ? ರೇಟಿನ ಕಥೆ ಶುರುವಾಗೋದೇ ಇಲ್ಲಿಂದ.

ಬ್ಯಾಟರಿ ಬದಲಾಯ್ತು, ರೇಟೂ ಬದಲಾಯ್ತು

ಮನೆಯಲ್ಲಿ ಇನ್ವರ್ಟರ್ ಇಟ್ಟವರಿಗೆ ಹಳೇ ಕಾರ್ಟ್‌ನ ಬ್ಯಾಟರಿ ವಿವರಿಸಬೇಕಿಲ್ಲ. ಅದೇ ಲೆಡ್ ಆಸಿಡ್ ಬ್ಯಾಟರಿ, ಅದೇ ಡಿಸ್ಟಿಲ್ಡ್ ವಾಟರ್ ಹಾಕೋ ಕೆಲಸ. 48 ವೋಲ್ಟ್ ಗಾಡಿಗೆ ಸಾಮಾನ್ಯವಾಗಿ 8 ವೋಲ್ಟ್‌ನ ಆರು ಬ್ಯಾಟರಿ. ನೀರು ನೋಡದೆ ಬಿಟ್ಟರೆ ಬೇಗ ಕೆಡುತ್ತೆ. ಚೆನ್ನಾಗಿ ನೋಡಿಕೊಂಡರೂ ನಾಲ್ಕೈದು ವರ್ಷಕ್ಕೆ ಸೆಟ್ ಬದಲಿಸಬೇಕು, ಆ ಸೆಟ್ಟಿಗೆ ಸಾವಿರ ಡಾಲರ್ ಮೇಲೇ.

ಈಗ ಬಂದಿರೋದು ಲಿಥಿಯಂ. ತೂಕ ಕಡಿಮೆ, ನೀರು ಹಾಕೋ ತಾಪತ್ರಯ ಇಲ್ಲ, ಬಾಳಿಕೆ ಹೆಚ್ಚು. ಹತ್ತು ವರ್ಷದ ಲೆಕ್ಕ ಹಾಕಿದರೆ ನಷ್ಟ ಇಲ್ಲ, ಆದರೆ ಮೊದಲ ದಿನವೇ ದುಡ್ಡು ಜಾಸ್ತಿ ಬಿಚ್ಚಬೇಕು. 75 ದಾಟಿದವರು ಹತ್ತು ವರ್ಷದ ಉಳಿತಾಯ ನೋಡಿ ಗಾಡಿ ತಗೊಳ್ತಾರಾ ಅನ್ನೋದೇ ಪ್ರಶ್ನೆ.

ಕೋವಿಡ್ ಕಾಲದಲ್ಲಿ ಇದಕ್ಕೆ ಇನ್ನೊಂದು ಪೆಟ್ಟು ಬಿತ್ತು. ಬಯಲಲ್ಲಿ ಆಡೋ ಆಟ ಅಂತ ಗಾಲ್ಫ್‌ಗೆ ಜನ ಹೆಚ್ಚಾದರು, ಕಾರ್ಟ್‌ಗೆ ಬೇಡಿಕೆ ಏರಿತು. ಅದೇ ಹೊತ್ತಿಗೆ ಬಿಡಿಭಾಗ ಸಿಗದೆ ಗಾಡಿ ತಯಾರಿ ತಡವಾಯ್ತು. ಹೊಸದು ಸಿಗದಿದ್ದರೆ ಹಳೇದರ ರೇಟು ಏರೋದು ಎಲ್ಲ ವ್ಯಾಪಾರದಲ್ಲೂ ಇರೋದೇ. ಗಾಲ್ಫ್ ಕ್ಲಬ್‌ಗಳು ಕೆಲವು ವರ್ಷ ಓಡಿಸಿ ಬಿಟ್ಟ ಗಾಡಿಗಳೇ ರಿಪೇರಿಯಾಗಿ, ಬಣ್ಣ ಬಳಿದುಕೊಂಡು, ನಿವೃತ್ತರ ಮನೆ ಸೇರ್ತವೆ. ಹೊಸದು ತುಟ್ಟಿಯಾದಾಗ ಈ ಸೆಕೆಂಡ್ ಹ್ಯಾಂಡ್ ಗಾಡಿಯೂ ಅದರ ಹಿಂದೆಯೇ ಹತ್ತುತ್ತೆ.

ಸುಂಕ ಕಟ್ಟೋದು ಚೀನಾ ಅಲ್ಲ

ಕಡಿಮೆ ದುಡ್ಡಿನವರಿಗೆ ಇದ್ದ ಒಂದು ದಾರಿ ಚೀನಾ ಗಾಡಿ. ಅಮೆರಿಕದ ಹಳೇ ಕಂಪನಿಗಳ ಗಾಡಿಗಿಂತ ಅಗ್ಗ, ಲಿಥಿಯಂ ಬ್ಯಾಟರಿ ಮತ್ತು ಟಚ್ ಸ್ಕ್ರೀನ್ ಅದರ ಜೊತೆಗೇ. ಜನ ಅತ್ತ ವಾಲಿದರು.

2024ರ ಜೂನ್‌ನಲ್ಲಿ ಕ್ಲಬ್ ಕಾರ್ ಮತ್ತು ಇ-ಝಡ್-ಗೋ ಗಾಡಿ ಮಾಡೋ ಟೆಕ್ಸ್‌ಟ್ರಾನ್, ಎರಡೂ ಕಂಪನಿ ಕೂಡಿ ಸರ್ಕಾರಕ್ಕೆ ಅರ್ಜಿ ಹಾಕಿದವು. ಚೀನಾ ಸರ್ಕಾರ ಸಬ್ಸಿಡಿ ಕೊಡ್ತಿದೆ, ನ್ಯಾಯವಲ್ಲದ ಬೆಲೆಗೆ ಮಾಲು ಸುರಿಯುತ್ತಿದ್ದಾರೆ, ನಮ್ಮ ಕಾರ್ಮಿಕರ ಕೆಲಸ ಹೋಗುತ್ತೆ ಅನ್ನೋದು ಅವರ ವಾದ. ಎರಡೂ ಕಂಪನಿಯ ಕಾರ್ಖಾನೆ ಇರೋದು ಜಾರ್ಜಿಯಾ ರಾಜ್ಯದ ಆಗಸ್ಟಾ ಸುತ್ತಮುತ್ತ. ಅಲ್ಲಿನ ಕುಟುಂಬಗಳಿಗೆ ಈ ವಾದ ಸುಳ್ಳಲ್ಲ.

2025ರಲ್ಲಿ ತೀರ್ಪು ಅವರ ಪರವಾಗಿ ಬಂತು. ಆಂಟಿ ಡಂಪಿಂಗ್ ಸುಂಕ ಶೇ. 119ರಿಂದ ಶೇ. 478ರವರೆಗೆ. ಸಬ್ಸಿಡಿಗೆ ಎದುರಾಗಿ ಹಾಕೋ ಸುಂಕ ಅದರ ಮೇಲೆ ಬೇರೆ.

ಇಲ್ಲಿ ಒಂದು ಮಾತು ಸ್ಪಷ್ಟವಾಗಿರಬೇಕು. ಈ ಸುಂಕವನ್ನು ಚೀನಾ ಕಟ್ಟಲ್ಲ. ಬಂದರಿನಲ್ಲಿ ಮಾಲು ಬಿಡಿಸಿಕೊಳ್ಳೋ ಅಮೆರಿಕದ ವ್ಯಾಪಾರಿ ಕಟ್ಟಬೇಕು. ಉದಾಹರಣೆಗೆ 5,000 ಡಾಲರ್ ಖರೀದಿ ಬೆಲೆಯ ಗಾಡಿ ಬಂತು ಅಂತಿಟ್ಟುಕೊಳ್ಳಿ. ಕನಿಷ್ಠ ಶೇ. 119 ಲೆಕ್ಕಕ್ಕೇ 5,950 ಡಾಲರ್ ಸುಂಕ. ಒಟ್ಟು 10,950. ಸಾಗಾಟ, ಡೀಲರ್ ಲಾಭ, ತೆರಿಗೆ ಇನ್ನೂ ಸೇರಿಲ್ಲ. ಅಗ್ಗದ ಗಾಡಿ ಅನ್ನೋ ಮೆಟ್ಟಿಲೇ ಮುರಿದ ಹಾಗಾಯ್ತು.

ಹಾಗಾದರೆ ಅಮೆರಿಕದ್ದೇ ಗಾಡಿ ತಗೊಳ್ಳಬಹುದಲ್ಲ? ತಗೊಳ್ಳಬಹುದು. ಆದರೆ ಅದರ ಕಚ್ಚಾ ಮಾಲಿನ ಕಥೆ ಕೇಳಿ. ಕ್ಲಬ್ ಕಾರ್ ಗಾಡಿಯ ಚೌಕಟ್ಟು ಅಲ್ಯೂಮಿನಿಯಂನದ್ದು. 2025ರ ಜೂನ್ 4ರಿಂದ ಆಮದು ಉಕ್ಕು, ಅಲ್ಯೂಮಿನಿಯಂ ಎರಡರ ಮೇಲೂ ಅಮೆರಿಕ ಶೇ. 50 ಸುಂಕ ಹಾಕಿದೆ. ಎದುರು ಅಂಗಡಿಯ ಅಗ್ಗದ ಮಾಲು ಮಾಯವಾದ ಮೇಲೆ, ಉಳಿದ ಅಂಗಡಿಯವನು ರೇಟು ಇಳಿಸೋಕೆ ಕಾರಣವಾದರೂ ಏನು?

ಅಡಿಕೆ ಮಂಡಿಯ ಲೆಕ್ಕ

ಸಾಗರ, ಶಿರಸಿ, ಚನ್ನಗಿರಿ ಕಡೆಯವರಿಗೆ ಈ ಆಟ ಹೊಸದಲ್ಲ. ವಿದೇಶಿ ಅಡಿಕೆ ಅಗ್ಗವಾಗಿ ನುಗ್ಗಿದರೆ ಇಲ್ಲಿನ ದರ ಬೀಳುತ್ತೆ ಅಂತ ಬೆಳೆಗಾರರು ಕೂಗೆಬ್ಬಿಸಿದರು. ಕೇಂದ್ರ ಸರ್ಕಾರ 2023ರ ಫೆಬ್ರವರಿಯಲ್ಲಿ ಕನಿಷ್ಠ ಆಮದು ಬೆಲೆಯನ್ನು ಕೆ.ಜಿ.ಗೆ 251ರಿಂದ 351 ರೂಪಾಯಿಗೆ ಏರಿಸಿತು. ತೋಟದವರಿಗೆ ಉಸಿರು ಬಂತು. ಅದೇ ಅಡಿಕೆ ಕೊಂಡು ಬೀಡಾ ಕಟ್ಟೋ ಅಂಗಡಿಯವನ ಲೆಕ್ಕ ಬೇರೆ, ಅವನಿಗೆ ದರ ಇಳಿದರೇ ಲಾಭ. ಮಾಡೋವನಿಗೆ ಕೊಟ್ಟ ರಕ್ಷಣೆಯ ಬಿಲ್ಲು ಕೊಳ್ಳೋವನ ಹೆಸರಿಗೇ ಬರೋದು.

ಆದರೆ ಎರಡಕ್ಕೂ ವ್ಯತ್ಯಾಸವೂ ಇದೆ. ಅಡಿಕೆಯ ರಕ್ಷಣೆ ಸಾವಿರಾರು ಸಣ್ಣ ಹಿಡುವಳಿದಾರರ ಮನೆ ತಲುಪುತ್ತೆ. ಕಾರ್ಟ್‌ನದ್ದು ಬೆರಳೆಣಿಕೆಯ ಕಂಪನಿಗಳಿಗೆ. ಅದರಲ್ಲಿ ಕ್ಲಬ್ ಕಾರ್ ಅನ್ನು ಪ್ಲಾಟಿನಮ್ ಈಕ್ವಿಟಿ ಅನ್ನೋ ಹೂಡಿಕೆ ಸಂಸ್ಥೆ 2021ರಲ್ಲಿ 168 ಕೋಟಿ ಡಾಲರ್‌ಗೆ ಕೊಂಡಿದೆ. ಕಾರ್ಮಿಕರ ಕೆಲಸ ಉಳಿಯುತ್ತೆ ಅನ್ನೋದು ನಿಜವಾದರೂ, ಮೊದಲ ಲಾಭ ಯಾರ ಖಾತೆಗೆ ಅನ್ನೋದನ್ನೂ ನೋಡಬೇಕು. ಇನ್ನೊಂದು, ಬೀಡಾ ಇಲ್ಲದೆ ಒಂದು ದಿನ ಕಳೀಬಹುದು. ಆ ಊರಲ್ಲಿ ಕಾರ್ಟ್ ಇಲ್ಲದೆ ಔಷಧಿ ಅಂಗಡಿಗೆ ಹೋಗೋಕಾಗಲ್ಲ.

ಪಿಂಚಣಿ ಎಷ್ಟು, ಗಾಡಿ ಎಷ್ಟು

ಅಮೆರಿಕದಲ್ಲಿ ನಿವೃತ್ತರಾದವರೆಲ್ಲ ಸಾಹುಕಾರರು ಅಂತ ತಿಳಿದವರು ಈ ಲೆಕ್ಕ ನೋಡಬೇಕು. ಸರ್ಕಾರದ ಸೋಶಿಯಲ್ ಸೆಕ್ಯುರಿಟಿ ಪಿಂಚಣಿ 2025ರ ಜನವರಿಯಲ್ಲಿ ಸರಾಸರಿ ತಿಂಗಳಿಗೆ 1,976 ಡಾಲರ್. 15 ಸಾವಿರದ ಗಾಡಿ ಅಂದರೆ ಏಳೂವರೆ ತಿಂಗಳ ಪಿಂಚಣಿ ಪೂರ್ತಿ. ಊಟ, ಔಷಧಿ, ವಿಮೆ ಯಾವುದಕ್ಕೂ ಒಂದು ಪೈಸೆ ತೆಗೆಯದೆ! ಬೆಲೆ ಏರಿಕೆಗೆ ತಕ್ಕಂತೆ 2026ಕ್ಕೆ ಕೊಟ್ಟ ಹೆಚ್ಚಳ ಶೇ. 2.8, ಅಂದರೆ ಸರಾಸರಿ 56 ಡಾಲರ್.

ಮನೆ ಮಾರಿ ಬಂದವರು, ಷೇರು ಇರೋವರು ತಗೊಳ್ತಾರೆ. ಪಿಂಚಣಿಯೊಂದನ್ನೇ ನಂಬಿದವರು ಕಂತಿಗೆ ಹೋಗ್ತಾರೆ, ಇಲ್ಲವೇ ಹಳೇ ಬ್ಯಾಟರಿಗೆ ನೀರು ಹಾಕ್ತಾ ಇನ್ನೊಂದು ವರ್ಷ ತಳ್ಳುತ್ತಾರೆ.

ಭಾರತಕ್ಕೆ ಲಾಭ ಇದೆಯಾ?

ಚೀನಾ ಜಾಗ ಖಾಲಿಯಾದರೆ ಭಾರತ ತುಂಬಬಹುದಲ್ಲ ಅನ್ನೋ ಆಸೆ ಸಹಜ. ಬೆಂಗಳೂರಿನ ಮೈನಿ ಗುಂಪಿಗೆ ಬ್ಯಾಟರಿ ಬಗ್ಗಿ ಮಾಡಿದ ಅನುಭವ ಇದೆ. ಪುಣೆಯ ಕೈನೆಟಿಕ್ ಗ್ರೀನ್ ಕಂಪನಿ ಇಟಲಿಯ ಟೊನಿನೊ ಲ್ಯಾಂಬೊರ್ಗಿನಿ ಜೊತೆ ಸೇರಿ ಗಾಲ್ಫ್ ಕಾರ್ಟ್‌ಗೇ ಕೈ ಹಾಕಿದೆ. ಆದರೆ 2025ರ ಆಗಸ್ಟ್ 27ರಿಂದ ಭಾರತದ ಬಹಳಷ್ಟು ಸರಕಿನ ಮೇಲೂ ಅಮೆರಿಕ ಶೇ. 50 ಸುಂಕ ಹೇರಿತ್ತು. ಯಾವ ತಿಂಗಳು ಯಾರ ಮೇಲೆ ಎಷ್ಟು ಅನ್ನೋದೇ ಗೊತ್ತಿಲ್ಲದ ಮಾರುಕಟ್ಟೆ ನಂಬಿ ಕಾರ್ಖಾನೆ ಕಟ್ಟೋದು ಸುಲಭದ ಮಾತಲ್ಲ. ಜೊತೆಗೆ ಲಿಥಿಯಂ ಸೆಲ್‌ಗೆ ಭಾರತವೂ ಇನ್ನೂ ಚೀನಾ ಕಡೆಗೇ ನೋಡ್ತಿದೆ.

ಬ್ಯಾಟರಿ ಗಾಡಿಯ ರೇಟು ಸರ್ಕಾರದ ಒಂದು ಸಹಿಯಿಂದ ಏರೋದನ್ನು ಇಲ್ಲಿನವರೂ ಕಂಡಿದ್ದಾರೆ. 2023ರ ಜೂನ್ 1ರಂದು ಕೇಂದ್ರ ಸರ್ಕಾರ ಎಲೆಕ್ಟ್ರಿಕ್ ಸ್ಕೂಟರ್ ಸಬ್ಸಿಡಿ ಮಿತಿಯನ್ನು ಗಾಡಿ ಬೆಲೆಯ ಶೇ. 40ರಿಂದ ಶೇ. 15ಕ್ಕೆ ಇಳಿಸಿದಾಗ ಶೋರೂಮ್ ಬೋರ್ಡಿನ ರೇಟು ಬದಲಾಗಿತ್ತು. ಆಗ ಸ್ಕೂಟರ್ ಬೇಡ ಅಂದವರಿಗೆ ಬಸ್ಸಿತ್ತು, ಆಟೋ ಇತ್ತು, ಕೊನೆಗೆ ನಡೆದು ಹೋಗೋಕೆ ಪೇಟೆಬೀದಿ ಇತ್ತು.

ದಿ ವಿಲೇಜಸ್‌ನಂಥ ಊರಿನ ಹಿರಿಯರಿಗೆ ಅದಿಲ್ಲ. ಒಂದೇ ಗಾಡಿ ನಂಬಿ ಊರು ಕಟ್ಟಿದರೆ, ಆ ಗಾಡಿಯ ರೇಟೇ ಊರೊಳಗೆ ಓಡಾಡೋ ರೇಟು ಆಗುತ್ತೆ. ಇಲ್ಲೂ ಬೈಪಾಸ್ ಪಕ್ಕ, ಪೇಟೆಯಿಂದ ದೂರದಲ್ಲಿ ಲೇಔಟ್‌ಗಳು ಏಳ್ತಿವೆ. ಅಲ್ಲಿ ಸೈಟ್ ತಗೊಳ್ಳೋ ಮುಂಚೆ, ವಯಸ್ಸಾದ ಮೇಲೆ ಗಾಡಿ ಇಲ್ಲದೆ ಹಾಲಿನ ಅಂಗಡಿಗೆ ಹೋಗೋಕಾಗುತ್ತಾ ಅಂತ ಒಮ್ಮೆ ನಡೆದು ನೋಡೋದು ಒಳ್ಳೇದು.