ಕೆಲಸ ನಿಲ್ಲಿಸುವ ಹಗ್ಗ

ಕಚೇರಿಗಳಲ್ಲಿಯೂ ಆಸ್ಪತ್ರೆಗಳಲ್ಲಿಯೂ ಈಗ ‘ಲೀನ್’ ಎಂಬ ಕಾರ್ಯವ್ಯವಸ್ಥೆಯನ್ನು ಕಲಿಸುತ್ತಿರುವರು. ಇದು ನಮ್ಮ ವೇದಾಂತಿಗಳ ಲೀನವಲ್ಲ; ಬೊಜ್ಜಿಲ್ಲದ ಮೈ ಎಂಬರ್ಥದ ಇಂಗ್ಲಿಷ್ ಮಾತು. ಜಪಾನಿನ ಟೊಯೋಟಾ ಮೋಟಾರು ಕಾರ್ಖಾನೆಯ ಪದ್ಧತಿಗೆ 1988ರಲ್ಲಿ ಜಾನ್ ಕ್ರಾಫ್ಸಿಕ್ ಎಂಬವರು ಈ ಹೆಸರನ್ನಿತ್ತರು. ಹೆಸರು ಕೇಳಿದೊಡನೆಯೇ ಇದು ಆಳುಗಳನ್ನು ಕಡಮೆ ಮಾಡುವ ವಿದ್ಯೆಯೆಂದು ಬಗೆದು ಹಿಗ್ಗುವ ಯಜಮಾನರುಂಟು. ಅವರ ಹಿಗ್ಗಿಗೆ ಆಧಾರವಿಲ್ಲವೆಂದು ನಮ್ಮ ಅಭಿಪ್ರಾಯ.

ಈ ಪದ್ಧತಿಯ ಬೇರಿರುವುದು ಮಗ್ಗದಲ್ಲಿ. ಎಳೆ ಕಡಿದ ಮೇಲೆಯೂ ಯಂತ್ರದ ಮಗ್ಗವು ಓಡುತ್ತಲೇ ಇದ್ದರೆ ನೇಯ್ದ ಬಟ್ಟೆಯೆಲ್ಲ ಕೆಡುವುದಷ್ಟೆ. ಅದಕ್ಕಾಗಿ ಪ್ರತಿ ಮಗ್ಗಕ್ಕೂ ಒಬ್ಬರು ಕಣ್ಣಿಟ್ಟು ಕಾಯಬೇಕು. ಸಾಕಿಚಿ ಟೊಯೋಡಾ ಅವರು 1924ರಲ್ಲಿ ಸಿದ್ಧಪಡಿಸಿದ ಮಗ್ಗವಾದರೋ, ಹಾಸಿನ ಒಂದೆಳೆ ಕಡಿದರೂ ತಾನಾಗಿಯೇ ನಿಲ್ಲುತ್ತಿದ್ದಿತು. ಕಾಯುವ ದುಡಿಮೆ ತಪ್ಪಿತು. ಕೆಟ್ಟ ಬಟ್ಟೆಯೂ ತಪ್ಪಿತು. ಇಂಗ್ಲೆಂಡಿನ ಪ್ಲಾಟ್ ಸಂಸ್ಥೆಯವರು 1929ರಲ್ಲಿ ಅದರ ಹಕ್ಕನ್ನು ಕೊಂಡರು. ಸಾಕಿಚಿಯವರ ಮಗ ಕಿಇಚಿರೋ ಅವರ ಯತ್ನದಿಂದ 1937ರಲ್ಲಿ ಮೋಟಾರು ಕಂಪನಿಯು ಸ್ಥಾಪಿತವಾಯಿತು.

ಆ ಕಾರ್ಖಾನೆಯಲ್ಲಿ ತಾಯಿಇಚಿ ಓನೋ ಎಂಬ ಎಂಜಿನಿಯರರು ವ್ಯರ್ಥದ ಬಗೆಗಳನ್ನು ಏಳೆಂದು ಎಣಿಸಿದರು. ಕಾಯುವುದು, ಸುಮ್ಮನೆ ಹೊತ್ತು ತಿರುಗುವುದು, ಕೂಡಿಹಾಕುವುದು ಇವೇ ಮೊದಲಾದುವು. ಎಲ್ಲಕ್ಕಿಂತ ಕೆಟ್ಟದ್ದು ಬೇಕಾದುದಕ್ಕಿಂತ ಹೆಚ್ಚಾಗಿ ಮಾಡಿಡುವುದೆಂದು ಅವರ ಮತ. ಅಗ್ಗವೆಂದು ಮೂಟೆ ರವೆ ತರಿಸಿ ಹುಳು ಹಿಡಿಸಿದ ಮನೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಮೆರಿಕೆಯ ದೊಡ್ಡ ಅಂಗಡಿಗಳಲ್ಲಿ ಗಿರಾಕಿಯು ಎತ್ತಿಕೊಂಡಷ್ಟನ್ನೇ ಮತ್ತೆ ತುಂಬುವ ಕ್ರಮವು ಅವರಿಗೆ ಮೆಚ್ಚಿಕೆಯಾಯಿತು; ಮುಂದಿನ ಹಂತದವರು ಚೀಟಿ ಕಳುಹಿಸಿದ ಹೊರತು ಹಿಂದಿನವರು ಭಾಗವನ್ನು ಮಾಡಕೂಡದೆಂಬ ನಿಯಮವು ಅದರಿಂದ ಬೆಳೆಯಿತು.

ಆದರೆ ನಮಗೆ ಹೆಚ್ಚಿನದಾಗಿ ತೋರುವುದು ಒಂದು ಹಗ್ಗ. ಕೆಲಸದ ಸಾಲಿನುದ್ದಕ್ಕೂ ಅದನ್ನು ಕಟ್ಟಿರುವರು. ಲೋಪವನ್ನು ಕಂಡ ಕೆಲಸಗಾರನು, ನಿನ್ನೆ ಸೇರಿದವನಾದರೂ ಸರಿಯೆ, ಅದನ್ನು ಎಳೆಯಬಹುದು. ದೀಪವು ಹೊತ್ತುವುದು, ಮೇಲ್ವಿಚಾರಕನು ಓಡಿ ಬರುವನು, ಒಡನೆ ಸರಿಹೋಗದಿದ್ದರೆ ಇಡೀ ಸಾಲೇ ನಿಲ್ಲುವುದು. ಮಗ್ಗಕ್ಕಿದ್ದ ಅಧಿಕಾರವು ಹೀಗೆ ಮನುಷ್ಯನಿಗೆ ದೊರೆಯಿತು. ಬಂದವನು ‘ಯಾರ ತಪ್ಪು?’ ಎಂದು ಕೇಳಿದರೆ ಮರುದಿನದಿಂದ ಹಗ್ಗವನ್ನು ಯಾರೂ ಮುಟ್ಟರು. ಏಕಾಯಿತು, ಅದು ಏಕಾಯಿತು ಎಂದು ಐದು ಸಲ ಕೇಳುವುದನ್ನು ಓನೋ ಅವರು ಕಲಿಸಿದುದು ಇದಕ್ಕಾಗಿಯೇ ಉಪಯುಕ್ತ.

ಕೆಲಸ ಹೋದೀತೆಂಬ ಭಯವಿರುವಲ್ಲಿಯೂ ಹಗ್ಗವು ಜೋತು ಬಿದ್ದಿರುವುದೇ ಸರಿ. ಟೊಯೋಟಾದವರಿಗೂ ಈ ಪಾಠ ಸುಲಭವಾಗಿ ಬರಲಿಲ್ಲ. 1950ರಲ್ಲಿ ಹಣದ ಮುಗ್ಗಟ್ಟಿನಿಂದ ಸಾವಿರಕ್ಕೂ ಮಿಕ್ಕ ಜನರನ್ನು ಬಿಡಿಸಬೇಕಾಗಿ, ದೊಡ್ಡ ಮುಷ್ಕರವೆದ್ದು, ಕಿಇಚಿರೋ ಅವರೇ ಅಧ್ಯಕ್ಷಪದವಿಯನ್ನು ತ್ಯಜಿಸಿದರು.

ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ ಜನರಲ್ ಮೋಟಾರ್ಸಿನವರ ಒಂದು ಕಾರ್ಖಾನೆಯಿದ್ದಿತು. ಜಗಳ, ಗೈರುಹಾಜರಿ, ಕಳಪೆ ಗಾಡಿ ಇವಕ್ಕೆ ಹೆಸರಾಗಿ 1982ರಲ್ಲಿ ಅದು ಮುಚ್ಚಿತು. ಟೊಯೋಟಾದವರು ಪಾಲುಗೂಡಿ 1984ರಲ್ಲಿ ಅದನ್ನೇ ತೆರೆದಾಗ ತೆಗೆದುಕೊಂಡವರಲ್ಲಿ ಬಹುಮಂದಿ ಹಳೆಯ ಕೆಲಸಗಾರರೇ. ಹಲವರನ್ನು ಜಪಾನಿಗೆ ಕಳುಹಿಸಿ ತರಬೇತಿ ಕೊಡಿಸಿದರು, ಹಗ್ಗವನ್ನು ಕೈಗಿತ್ತರು. ಅದೇ ಜನರ ಕೈಯಿಂದ ಉತ್ತಮವಾದ ಗಾಡಿಗಳು ಹೊರಬಂದುವು. ಕೆಲವು ವರ್ಷಗಳಲ್ಲಿಯೇ ಮಾರಾಟವು ಇಳಿದು ಕೆಲಸವು ಕಡಮೆಯಾದಾಗ ಒಬ್ಬರನ್ನೂ ಮನೆಗೆ ಕಳುಹಿಸಲಿಲ್ಲ. ಬಿಡುವಾದವರನ್ನು ಪಾಠಕ್ಕೆ ಕೂರಿಸಿ, ಸಂಬಳವನ್ನು ಕೊಡುತ್ತ ಬಂದರು.